ಹಬ್ಬದ ಖುಷಿಗೆ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಬೇಡಿ: ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಿಗೆ ಬಹಿರಂಗ ಪತ್ರ

ಬೆಂಗಳೂರಿನ ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ಪದಾಧಿಕಾರಿಗಳಿಗೆ, ಬಡಾವಣೆಗಳ ಸ್ವಂತ ಮನೆ, ಬಾಡಿಗೆ ಮನೆಗಳಲ್ಲಿರುವ ಎಲ್ಲರಿಗೂ,

ನಮಸ್ಕಾರ.

ಆಯುಧಪೂಜೆಯಿಂದ ಬಲಿಪಾಡ್ಯಮಿವರೆಗಿನ ಮೂರು ವಾರ ಮನೆ ಬಾಗಿಲಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಗೊತ್ತಿರುವುದೇ. ಸೆಕ್ಯುರಿಟಿಯವರು ನೋಟ್‌ಬುಕ್ ಹಿಡಿದು ಬೆಲ್ ಒತ್ತುತ್ತಾರೆ. ಮರುದಿನ ಹೌಸ್‌ಕೀಪಿಂಗ್‌ನವರು, ಅದರ ಮರುದಿನ ಕಸದ ಆಟೊದವರು, ಆಮೇಲೆ ಯಾವತ್ತೂ ನೋಡದ ಇಬ್ಬರು ಬಂದು "ಡ್ರೈನೇಜ್‌ನವ್ರು ಸಾರ್, ಹಬ್ಬದ ಖುಷಿ" ಎನ್ನುತ್ತಾರೆ. ಪುಸ್ತಕದಲ್ಲಿ ಹಿಂದಿನ ಮನೆಯವರು ₹500 ಬರೆದಿರುತ್ತಾರೆ. ಅದನ್ನು ಕಂಡವರಿಗೆ ₹100 ಬರೆಯಲು ಮುಜುಗರ, "ಆಮೇಲೆ ಬಾರಪ್ಪ" ಎಂದು ಬಾಗಿಲು ಹಾಕುತ್ತಾರೆ. ಕೊಡುವವರಿಗೂ ಕಿರಿಕಿರಿ, ಕೇಳುವವರಿಗೂ ಅವಮಾನ. ಕೊನೆಗೆ ದುಡ್ಡು ಸೇರಬೇಕಾದವರಿಗೆ ಸೇರಿತೋ ಇಲ್ಲವೋ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ನಾವು ಸಂಘಗಳ ಲೆಕ್ಕ, ಹಾಜರಿ, ಏಜೆನ್ಸಿಗಳ ಬಿಲ್ಲು ನೋಡುವ ನಿವಾಸಿಗಳು. ನಮ್ಮ ಕೋರಿಕೆ ಇಷ್ಟೇ: ಹಬ್ಬದ ದುಡ್ಡನ್ನು ಯಾರೂ ಬಂದು ಕೇಳುವ ಮೊದಲೇ ಲೆಕ್ಕ ಹಾಕಿ, ಅವರವರ ಕೈಗೇ ಕೊಡಿ. ಅದಕ್ಕೂ ಮುಂಚೆ, ಅವರಿಗೆ ಹಕ್ಕಿನಿಂದ ಬರಬೇಕಾದ ಬೋನಸ್ ಬಂದಿದೆಯೇ ಎಂದು ವಿಚಾರಿಸಿ. ಬೋನಸ್ ಬೇರೆ, ಖುಷಿ ಎಂದು ನಾವು ಮನಸಾರೆ ಕೊಡುವ ಹಬ್ಬದ ದುಡ್ಡು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡಲ್ಲೇ ಬಹುಪಾಲು ಸಂಘಗಳು ಎಡವುತ್ತಿವೆ.

ಮೊದಲು ಬೋನಸ್ಸಿನ ವಿಷಯ, ಏಕೆಂದರೆ ದೊಡ್ಡ ಮೊತ್ತ ಇರುವುದು ಅಲ್ಲಿ. ಸೆಕ್ಯುರಿಟಿ ಏಜೆನ್ಸಿ ಪ್ರತಿ ತಿಂಗಳು ಕಳಿಸುವ ಬಿಲ್ಲಿನ ಹಿಂದೆ ಒಂದು ವಿವರಪಟ್ಟಿ ಇರುತ್ತದೆ. ಇಲ್ಲದಿದ್ದರೆ ಒಪ್ಪಂದದ ಕಡತದಲ್ಲಿ ಕೊಟೇಷನ್ ಹುಡುಕಿ. ಬೇಸಿಕ್, ವಿಡಿಎ (ತುಟ್ಟಿಭತ್ಯೆ), ಪಿಎಫ್, ಇಎಸ್‌ಐ, ರಜೆ ಸಂಬಳ, ರಿಲೀವರ್, ಯೂನಿಫಾರ್ಮ್ ಇವುಗಳ ನಡುವೆ "ಬೋನಸ್ 8.33%" ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಂದರೆ ಕಾವಲುಗಾರರ ಬೋನಸ್ಸನ್ನು ನೀವು ತಿಂಗಳು ತಿಂಗಳೂ ಕಟ್ಟುತ್ತಿದ್ದೀರಿ. ಹಲವು ಬಿಲ್ಲುಗಳಲ್ಲಿ ಸರ್ವಿಸ್ ಚಾರ್ಜನ್ನು ಆ ಸಾಲನ್ನೂ ಸೇರಿಸಿಯೇ ಲೆಕ್ಕ ಹಾಕಿರುತ್ತಾರೆ, ಒಟ್ಟು ಮೊತ್ತಕ್ಕೆ 18% ಜಿಎಸ್‌ಟಿ ಬೇರೆ.

8.33% ಎಂದರೆ ಹನ್ನೆರಡರಲ್ಲಿ ಒಂದು ಪಾಲು. ಹನ್ನೆರಡು ತಿಂಗಳು ಕೂಡಿದರೆ ಒಂದು ತಿಂಗಳ ಸಂಬಳ. ಬೇಸಿಕ್ ಮತ್ತು ವಿಡಿಎ ಸೇರಿ ₹15,000 ಎಂದಿಟ್ಟುಕೊಳ್ಳಿ. ತಿಂಗಳಿಗೆ ₹1,249.50, ವರ್ಷಕ್ಕೆ ಸುಮಾರು ₹15,000. ಹದಿನಾಲ್ಕು ಕಾವಲುಗಾರರಿದ್ದರೆ ವರ್ಷಕ್ಕೆ ₹2.1 ಲಕ್ಷ. ಮನೆಮನೆಯಿಂದ ಎತ್ತುವ ಹಬ್ಬದ ವಂತಿಗೆ ಇದರ ಮೂರನೇ ಒಂದು ಭಾಗವಾದರೆ ಹೆಚ್ಚು.

ಈ ದುಡ್ಡು ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಮೂರು ಬಗೆಯಲ್ಲಿ ಬರುತ್ತದೆ. ಕೆಲವು ಏಜೆನ್ಸಿಗಳು ತಿಂಗಳ ಸಂಬಳದ ಜೊತೆಗೇ ಕೊಡುತ್ತವೆ. ಹಾಗಿದ್ದರೆ ಸಂಬಳದ ಚೀಟಿಯಲ್ಲಿ ಬೇರೆ ಸಾಲಾಗಿ ಕಾಣಬೇಕು. ಕೆಲವರು "ಹಬ್ಬಕ್ಕೆ ಒಟ್ಟಿಗೆ ಕೊಡುತ್ತೇವೆ" ಎನ್ನುತ್ತಾರೆ. ಅದೂ ಸರಿ, ಆದರೆ ಬ್ಯಾಂಕಿಗೆ ಜಮಾ ಆದ ಪಟ್ಟಿ ಕೇಳಿ. ಮೂರನೆಯ ಬಗೆಯವರು "ಅದೆಲ್ಲ ಸಿಟಿಸಿಯಲ್ಲಿ (ಒಬ್ಬ ನೌಕರನಿಗೆ ತಗುಲುವ ಒಟ್ಟು ವೆಚ್ಚದಲ್ಲಿ) ಬರುತ್ತೆ ಸಾರ್" ಎಂದು ಮಾತು ತೇಲಿಸುತ್ತಾರೆ. ಅಲ್ಲಿ ನಿಲ್ಲಿಸಿ, ಕಾಗದ ಕೇಳಿ.

ಕಾನೂನು ಸ್ಪಷ್ಟವಾಗಿದೆ. 1965ರ ಬೋನಸ್ ಪಾವತಿ ಕಾಯ್ದೆಯ ಈ ನಿಯಮಗಳು ಈಗ 2019ರ ವೇತನ ಸಂಹಿತೆಯಲ್ಲಿ ಸೇರಿವೆ. ಸಂಹಿತೆ ಜಾರಿಯಾದದ್ದು 2025ರ ನವೆಂಬರ್ 21ರಂದು. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ, ಆ ಲೆಕ್ಕದ ವರ್ಷದಲ್ಲಿ ಕನಿಷ್ಠ 30 ದಿನ ದುಡಿದ, ವೇತನ ಮಿತಿಯೊಳಗಿನ ನೌಕರರಿಗೆ ಕನಿಷ್ಠ 8.33% ಕೊಡಬೇಕು. ವರ್ಷ ಮುಗಿದ ಎಂಟು ತಿಂಗಳೊಳಗೆ, ಬ್ಯಾಂಕ್ ಖಾತೆಗೇ ಹಾಕಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿದರೆ ಗಡುವು ನವೆಂಬರ್ 30. ಇಲ್ಲಿ ಎರಡು ಕಡೆ ಮೋಸವಾಗುತ್ತದೆ. "ನಿಮ್ಮ ಸೈಟಿನಲ್ಲಿ ಇರೋದು ಹದಿನಾಲ್ಕೇ ಜನ, ಕಾನೂನು ಬರಲ್ಲ" ಎನ್ನುವುದು ಒಂದು. ಎಣಿಸಬೇಕಾದದ್ದು ಏಜೆನ್ಸಿಯ ಎಲ್ಲ ಸೈಟುಗಳ ಒಟ್ಟು ಜನರನ್ನು. ಎರಡನೆಯದು, ನಡುವೆ ಬಿಟ್ಟುಹೋದವರ ಪಾಲು. ಫೆಬ್ರವರಿಯಲ್ಲಿ ಊರಿಗೆ ಹೋದ ಹುಡುಗ ದೀಪಾವಳಿಗೆ ಬಂದು ಬೋನಸ್ ಕೇಳುವುದಿಲ್ಲ. ಆ ದುಡ್ಡು ಹಾಗೇ ಉಳಿದುಬಿಡುತ್ತದೆ.

ಆದ್ದರಿಂದ ಏಜೆನ್ಸಿ ಬದಲಿಸುವಾಗ ಕೊನೆಯ ಬಿಲ್ಲನ್ನು ಪಾವತಿಸುವ ಮುನ್ನವೇ ಆ ದಿನದವರೆಗಿನ ಬೋನಸ್ ಚುಕ್ತಾ ಆದ ಪಟ್ಟಿ ತರಿಸಿಕೊಳ್ಳಿ. ಬಿಲ್ ಕೊಟ್ಟಾದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ. ಹೌಸ್‌ಕೀಪಿಂಗ್ ಏಜೆನ್ಸಿಗೂ ಇದೇ ಮಾತು. ತೋಟದ ಕೆಲಸದವರು, ಪ್ಲಂಬರ್ ಹೀಗೆ ನಾಲ್ಕಾರು ಮಂದಿಯನ್ನು ಸಂಘವೇ ನೇರವಾಗಿ ಇಟ್ಟುಕೊಂಡಿದ್ದರೆ ಬೋನಸ್ ಕಾನೂನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅವರಿಗೆ ಒಂದು ತಿಂಗಳ ಸಂಬಳ ಕೊಡಬೇಕೆಂದು ಸರ್ವಸದಸ್ಯರ ಸಭೆಯಲ್ಲೇ ಗೊತ್ತುಮಾಡಿ ಬಜೆಟ್ಟಿನಲ್ಲಿ ಇಡಿ. ಪ್ರತಿ ವರ್ಷ ಸಮಿತಿಯ ಮರ್ಜಿಗೆ ಬಿಡಬೇಡಿ.

ಇನ್ನು ಖುಷಿ. ಇದು ಹಕ್ಕಲ್ಲ, ಹಾಗಾಗಿ ಒತ್ತಾಯವೂ ಕೂಡದು. ನಿರ್ವಹಣಾ ಶುಲ್ಕದ ಬಿಲ್ಲಿಗೆ "ಹಬ್ಬದ ನಿಧಿ ₹600" ಎಂದು ತುರುಕುವುದು ಸುಲಭದ ದಾರಿ ಎನಿಸುತ್ತದೆ. ಬೇಡ. ಒಂದು, ಕೊಡಲು ಮನಸ್ಸಿಲ್ಲದವರು ಜಗಳ ತೆಗೆಯುತ್ತಾರೆ, ಆ ಜಗಳದ ಸಿಟ್ಟು ಕೊನೆಗೆ ಗೇಟಿನಲ್ಲಿರುವವರ ಮೇಲೇ ತಿರುಗುತ್ತದೆ. ಇನ್ನೊಂದು, ದೊಡ್ಡ ಸಂಘಗಳಲ್ಲಿ ತಿಂಗಳ ಶುಲ್ಕ ₹7,500 ದಾಟಿದರೆ ಜಿಎಸ್‌ಟಿ ಪ್ರಶ್ನೆ ಏಳುತ್ತದೆ. ₹7,200 ಶುಲ್ಕ ಇರುವ ಫ್ಲ್ಯಾಟಿಗೆ ₹600 ಸೇರಿಸಿ ಆಡಿಟರ್‌ಗೆ ತಲೆನೋವು ಯಾಕೆ ತರಬೇಕು? ಸ್ವಇಚ್ಛೆಯ ವಂತಿಗೆಯನ್ನು ಬೇರೆಯಾಗಿಯೇ ಎತ್ತಿ, ಬೇರೆ ಹಾಳೆಯಲ್ಲೇ ಲೆಕ್ಕ ಇಡಿ.

ಕೆಲಸವನ್ನು ಹಬ್ಬಕ್ಕೆ ಆರು ವಾರ ಮುಂಚೆ ಶುರುಮಾಡಿ. ಮೊದಲು ಬೇಕಾದದ್ದು ದುಡ್ಡಲ್ಲ, ಹೆಸರಿನ ಪಟ್ಟಿ. ಅದನ್ನು ಸೂಪರ್‌ವೈಸರ್‌ನಿಂದ ಬರೆಸಬೇಡಿ, ಹಾಜರಿ ಪುಸ್ತಕದಿಂದ ತೆಗೆಯಿರಿ. ಸೂಪರ್‌ವೈಸರ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಯಾರೆಂದರೆ ರಾತ್ರಿ ಪಾಳಿಯವರು, ವಾರದ ರಜೆಗೆ ಬದಲಿ ಬರುವ ರಿಲೀವರ್‌ಗಳು, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ನೋಡುವವರು, ಕಸ ವಿಂಗಡಿಸುವ ಹೆಂಗಸರು. ನೆಲಮಹಡಿಯ ಕೆಳಗೆ ನಾರುವ ಕೋಣೆಯಲ್ಲಿ ಬ್ಲೋವರ್ ಸದ್ದಿನ ನಡುವೆ ಇರುವ ಎಸ್‌ಟಿಪಿ ಆಪರೇಟರನ್ನು ಎಷ್ಟೋ ನಿವಾಸಿಗಳು ನೋಡಿಯೇ ಇರುವುದಿಲ್ಲ. ಆತ ಎರಡು ದಿನ ಬರದಿದ್ದರೆ ಮಾತ್ರ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ.

ಹಂಚುವ ಲೆಕ್ಕ ಹೀಗಿರಲಿ. ವರ್ಷಪೂರ್ತಿ ಇದ್ದವರಿಗೆ ಒಂದು ಪಾಲು, ಆರು ತಿಂಗಳ ಆಸುಪಾಸಿನವರಿಗೆ ಅರ್ಧ, ಹೊಸಬರಿಗೆ ಮತ್ತು ರಿಲೀವರ್‌ಗಳಿಗೆ ಕಾಲು. ಉದಾಹರಣೆಗೆ 120 ಫ್ಲ್ಯಾಟುಗಳಲ್ಲಿ 102 ಮನೆಯವರು ತಲಾ ₹600 ಕೊಟ್ಟರೆ ₹61,200. ಕೆಲಸದವರು 36 ಮಂದಿ, ಪೂರ್ಣ ಪಾಲಿನವರು 28, ಅರ್ಧದವರು 4, ಕಾಲಿನವರು 4. ಒಟ್ಟು 31 ಪಾಲು. ಪಾಲಿಗೆ ₹1,974 ಬರುತ್ತದೆ. ಅದನ್ನು ₹2,000ಕ್ಕೆ ಏರಿಸಿ. ಆಗ ಅರ್ಧ ಪಾಲು ₹1,000, ಕಾಲು ₹500, ಬೇಕಾದದ್ದು ₹62,000, ಕೊರತೆ ₹800 ಮಾತ್ರ. ಅದನ್ನು ಸಮಿತಿಯವರು ಭರಿಸಬಹುದು. ಇನ್ನೊಂದು ಅನುಕೂಲ, ಎಲ್ಲವೂ ₹500ರ ನೋಟಿನಲ್ಲೇ ಮುಗಿಯುತ್ತದೆ: 124 ನೋಟು. ಹಬ್ಬದ ವಾರ ಚಿಲ್ಲರೆ ನೋಟಿಗೆ ಬ್ಯಾಂಕಿನಲ್ಲಿ ನಿಂತವರಿಗೆ ಇದರ ಬೆಲೆ ಗೊತ್ತು. ಕವರಿನ ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿರುವ ಮುಯ್ಯಿ ಕವರ್ ತಂದರೆ ಲಕ್ಷಣವಾಗಿರುತ್ತದೆ.

ಸಂಬಳದ ದರ್ಜೆಗೆ ತಕ್ಕಂತೆ ಹಂಚಬೇಕೆಂದು ಕೆಲವರು ವಾದಿಸುತ್ತಾರೆ. ನಾವು ಒಪ್ಪುವುದಿಲ್ಲ. ಬೋನಸ್ ಸಂಬಳಕ್ಕೆ ತಕ್ಕಂತೆ ಬರಲಿ, ಖುಷಿ ಸಮಪಾಲಾಗಲಿ. ಮ್ಯಾನೇಜರ್‌ಗೂ ಗುಡಿಸುವವರಿಗೂ ಒಂದೇ. ಆ್ಯಪ್‌ನಲ್ಲಿರುವ ಹಾಜರಿ ನೋಡಿ ಹುಷಾರಿಲ್ಲದೆ ರಜೆ ಹಾಕಿದ ಎಂಟು ದಿನಕ್ಕೆ ಕಡಿತ ಮಾಡುವ ಲೆಕ್ಕಿಗರೂ ಇದ್ದಾರೆ. ದಯವಿಟ್ಟು ಬೇಡ.

ಹಂಚುವ ದಿನ ನಾಲ್ಕು ಎಚ್ಚರ ಬೇಕು. ಕವರನ್ನು ಏಜೆನ್ಸಿಯ ಫೀಲ್ಡ್ ಆಫೀಸರ್ ಕೈಗೆ ಕೊಡಬೇಡಿ. ಪ್ರತಿ ಕವರಿನ ಮೇಲೆ ಹೆಸರಿರಲಿ. ಪಾಳಿ ಬದಲಾಗುವ ಹೊತ್ತಿಗೆ, ಸಂಜೆ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ಹಂಚಿದರೆ ಎರಡೂ ಪಾಳಿಯವರು ಸಿಗುತ್ತಾರೆ. ಸಮಿತಿಯ ಇಬ್ಬರು ಎದುರಿದ್ದು ಸಹಿ ಹಾಕಿಸಿಕೊಳ್ಳಲಿ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದು, ಯಾವ ಫ್ಲ್ಯಾಟ್ ಎಷ್ಟು ಕೊಟ್ಟಿತು ಎಂದು ನೋಟಿಸ್ ಬೋರ್ಡಿಗೆ ಅಂಟಿಸುವುದು ಎರಡೂ ಬೇಡ. ಒಟ್ಟು ಬಂದದ್ದು, ಒಟ್ಟು ಹೋದದ್ದು ಇಷ್ಟು ಹಾಕಿದರೆ ಸಾಕು. ವಂತಿಗೆ ಎತ್ತಿದ ಮೇಲೂ ನೋಟ್‌ಬುಕ್ ತಿರುಗುತ್ತಿದ್ದರೆ ಅದು ಕೆಲಸದವರ ದುರಾಸೆಯಲ್ಲ. "ಈ ಸಲ ಎಲ್ಲರಿಗೂ ಸೇರಿ ಇಷ್ಟು ಕೊಡುತ್ತೇವೆ, ಇಂಥ ದಿನ ಕೊಡುತ್ತೇವೆ" ಎಂದು ಅವರಿಗೆ ಯಾರೂ ಮೊದಲೇ ಹೇಳಿರುವುದಿಲ್ಲ, ಅಷ್ಟೇ.

ಮನೆಯೊಳಗೆ ಬಂದು ದುಡಿಯುವವರ ವಿಷಯಕ್ಕೆ ಸಂಘ ತಲೆಹಾಕುವುದು ಬೇಡ. ಅದು ಆಯಾ ಮನೆಯವರ ಜವಾಬ್ದಾರಿ. ಪಾತ್ರೆ, ಕಸ, ನೆಲ, ಬಟ್ಟೆ, ಅಡುಗೆ ಮಾಡುವವರಿಗೆ, ಮನೆಯ ಡ್ರೈವರ್‌ಗೆ, ಮಗು ನೋಡಿಕೊಳ್ಳುವವರಿಗೆ ಬೋನಸ್ ಕಾನೂನಿನ ರಕ್ಷಣೆ ಇಲ್ಲ. ಮನೆಕೆಲಸಕ್ಕೆ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿತು, ಆದರೆ ಹಬ್ಬದ ದುಡ್ಡು ರೂಢಿಯ ಮೇಲೇ ನಿಂತಿದೆ. ಬೆಂಗಳೂರಿನ ರೂಢಿ ವರ್ಷಕ್ಕೊಮ್ಮೆ ಒಂದು ತಿಂಗಳ ಸಂಬಳ. ವರ್ಷ ತುಂಬದಿದ್ದರೆ ತಿಂಗಳ ಲೆಕ್ಕ. ₹4,500 ಸಂಬಳಕ್ಕೆ ಏಪ್ರಿಲ್‌ನಲ್ಲಿ ಸೇರಿದವರಿಗೆ ಅಕ್ಟೋಬರ್ ಹಬ್ಬದ ಹೊತ್ತಿಗೆ ಏಳು ತಿಂಗಳು: 4,500 × 7 ÷ 12 = ₹2,625. ₹2,700 ಕೊಡಿ, ಕೆಳಕ್ಕೆ ಇಳಿಸಬೇಡಿ.

ಯಾವ ಹಬ್ಬಕ್ಕೆ ಎಂಬುದನ್ನು ಅವರನ್ನೇ ಕೇಳಿ. ಒಬ್ಬರಿಗೆ ಗೌರಿ-ಗಣೇಶ, ಇನ್ನೊಬ್ಬರಿಗೆ ಯುಗಾದಿ, ತಮಿಳು ಮನೆಯವರಿಗೆ ಪೊಂಗಲ್, ಕೆಲವರಿಗೆ ರಂಜಾನ್, ಕ್ರಿಸ್‌ಮಸ್. ನಮ್ಮ ಮನೆಯಲ್ಲಿ ದೀಪಾವಳಿ ಎಂದು ಅವರಿಗೂ ಖರ್ಚು ಆಗಲೇ ಬರುತ್ತದೆ ಎಂದೇನಿಲ್ಲ. ಯಾವುದೇ ಹಬ್ಬವಿರಲಿ, ಹತ್ತು ದಿನ ಮುಂಚೆ ಕೊಡಿ. 2025ರಲ್ಲಿ ನರಕ ಚತುರ್ದಶಿ ಬಂದದ್ದು ಅಕ್ಟೋಬರ್ 20ಕ್ಕೆ. ತಿಂಗಳ ಮೊದಲ ವಾರ ಬಂದ ಸಂಬಳ ಬಾಡಿಗೆಗೆ, ರೇಷನ್ನಿಗೆ ಹೋಗಿ, ಕೈ ಖಾಲಿಯಾಗಿರುವ ಹೊತ್ತು ಅದು. ಹಬ್ಬದ ದಿನ ಬೆಳಗ್ಗೆ ಕೊಟ್ಟ ದುಡ್ಡಿನಿಂದ ಮಕ್ಕಳಿಗೆ ಬಟ್ಟೆ ತರಲಾಗುವುದಿಲ್ಲ, ರಾಯಚೂರು, ಯಾದಗಿರಿ, ಕಲಬುರಗಿ ಕಡೆಗೆ ಬಸ್ ಟಿಕೆಟ್ಟೂ ಸಿಗುವುದಿಲ್ಲ. ಸಿಕ್ಕರೂ ಖಾಸಗಿ ಬಸ್ಸಿನವರು ಆ ವಾರ ಹೇಳುವ ದರ ಕೇಳಬೇಡಿ.

ಕೆಡುವುದು ಹೀಗೆ: ಹಿಂದೆ ಕೊಟ್ಟ ಅಡ್ವಾನ್ಸನ್ನು ಹಬ್ಬದ ದುಡ್ಡಿನಲ್ಲಿ ಮುರಿದುಕೊಳ್ಳುವುದು. ಸಾಲದ ಲೆಕ್ಕ ತಿಂಗಳ ಸಂಬಳದಲ್ಲಿ, ಇಬ್ಬರೂ ಒಪ್ಪಿದ ಕಂತಿನಲ್ಲಿ ನಡೆಯಲಿ. ದುಡ್ಡಿನ ಬದಲು ಸೀರೆ ಕೊಟ್ಟು ಕೈತೊಳೆದುಕೊಳ್ಳುವುದು ಇನ್ನೊಂದು. ನಾಲ್ಕು ಮನೆಯಲ್ಲಿ ಕೆಲಸ ಮಾಡುವವರಿಗೆ ನಾಲ್ಕು ಸೀರೆ ಬಂದರೆ ರವಿಕೆ ಹೊಲಿಸುವ ಖರ್ಚೂ ಅವರದೇ. ದುಡ್ಡಿನ ಜೊತೆಗೆ ಸೀರೆ ಕೊಟ್ಟರೆ ಸಂತೋಷ, ದುಡ್ಡಿನ ಬದಲಿಗೆ ಬೇಡ. ಹಳೆ ಬಟ್ಟೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆಫೀಸಿನಲ್ಲಿ ಬಂದ ಡ್ರೈಫ್ರೂಟ್ ಡಬ್ಬಿಯನ್ನು ದಾಟಿಸುವುದಾದರೆ ತಳದಲ್ಲಿರುವ ಎಕ್ಸ್‌ಪೈರಿ ದಿನಾಂಕ ನೋಡಿ. ಸಿಹಿ ಕೊಡುವುದಾದರೆ ಮೈಸೂರು ಪಾಕ್, ಬೇಸನ್ ಲಾಡು, ಜೊತೆಗೆ ಚಕ್ಕುಲಿ ಒಳ್ಳೆಯದು. ಹಾಲಿನ ಸಿಹಿ ಫ್ರಿಡ್ಜ್ ಇಲ್ಲದ ಮನೆಯಲ್ಲಿ ಮರುದಿನಕ್ಕೇ ಹಳಸುತ್ತದೆ. ಯುಪಿಐ ಕಳಿಸುವ ಮುನ್ನ ಆ ನಂಬರ್ ಯಾರದು ಎಂದು ಕೇಳಿ. ಎಷ್ಟೋ ಸಲ ಅದು ಗಂಡನದ್ದೋ ಮಗನದ್ದೋ ಆಗಿರುತ್ತದೆ. ಅಂಥ ಕಡೆ ನಗದೇ ಲೇಸು.

ಉಳಿದವರ ಬಗ್ಗೆ ಬೇಗ ಹೇಳಿಬಿಡುತ್ತೇವೆ. ಪೇಪರ್, ಹಾಲು ಹಾಕುವ ಹುಡುಗರು ಬೆಳಗಿನ ಐದೂವರೆಗೇ ಬಂದುಹೋಗುತ್ತಾರೆ, ಬಿಲ್ಲು ಎತ್ತಲು ಬರುವುದು ಏಜೆಂಟ್. ಏಜೆಂಟ್ ಕೈಗೆ ಕೊಟ್ಟದ್ದು ಹುಡುಗನಿಗೆ ಸೇರುತ್ತದೆಂಬ ಖಾತ್ರಿ ಇಲ್ಲ, ಹಾಲಿನ ಚೀಲದಲ್ಲಿಟ್ಟ ಕವರ್ ಯಾರ ಕೈಗಾದರೂ ಸಿಗಬಹುದು. ಒಂದು ದಿನ ಬೇಗ ಎದ್ದು ಕೈಗೇ ಕೊಡಿ. ಇಸ್ತ್ರಿಯವರಿಗೆ, ಸ್ಕೂಲ್ ವ್ಯಾನಿನ ಡ್ರೈವರ್ ಮತ್ತು ಆಯಾಗೆ, ವರ್ಷವಿಡೀ ಮನೆಗೆ ಹೂವು ತರುವವರಿಗೆ ₹200ರಿಂದ ₹500ರೊಳಗೆ, ನಿಮ್ಮ ಶಕ್ತ್ಯಾನುಸಾರ. ಗ್ಯಾಸ್ ಸಿಲಿಂಡರ್ ತರುವವರು ಪ್ರತಿ ಸಲ ಕೇಳುವ ಹೆಚ್ಚುವರಿ ದುಡ್ಡು ಖುಷಿಯಲ್ಲ. ಮನೆಗೆ ತಲುಪಿಸುವ ಶುಲ್ಕ ರಸೀದಿಯ ಬೆಲೆಯಲ್ಲೇ ಸೇರಿದೆ. ಅದನ್ನು ನಿಲ್ಲಿಸಿ, ಹಬ್ಬಕ್ಕೊಮ್ಮೆ ಮನಸಾರೆ ಕೊಡಿ.

ಸರ್ಕಾರಿ ನೌಕರರ ಮಾತು ಬೇರೆ. ಲೈನ್‌ಮನ್, ಮೀಟರ್ ರೀಡರ್, ನೀರು ಬಿಡುವವರು, ಪೋಸ್ಟ್‌ಮನ್ ಇವರಿಗೆ ನಗದು ಕೊಡುವುದನ್ನು ಸಂಘಗಳು ಪೂರ್ತಿ ಬಿಡಬೇಕು ಎಂಬುದು ನಮ್ಮ ಅಭಿಪ್ರಾಯ. ಸರ್ಕಾರಿ ನೌಕರನಿಗೆ ಕೆಲಸಕ್ಕಾಗಿ ದುಡ್ಡು ಕೊಡುವವರನ್ನೂ 1988ರ ಭ್ರಷ್ಟಾಚಾರ ತಡೆ ಕಾಯ್ದೆ, 2018ರ ತಿದ್ದುಪಡಿಯ ನಂತರ, ನೇರವಾಗಿ ಅಪರಾಧಿಗಳೆಂದೇ ನೋಡುತ್ತದೆ. ಹಬ್ಬದ ನೆಪದಲ್ಲಿ ಕೊಟ್ಟ ₹1,000 ಮುಂದೆ "ಹೊಸ ಮೀಟರ್ ಬೇಗ ಹಾಕಿಕೊಡಿ" ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ. ಒಂದು ಪೊಟ್ಟಣ ಸಿಹಿ, ಒಂದು ಲೋಟ ಕಾಫಿ ಸಾಕು. ಅಪರಿಚಿತರು ಇಲಾಖೆಯ ಹೆಸರು ಹೇಳಿಕೊಂಡು ಬಂದರೆ ಗುರುತಿನ ಚೀಟಿ ಕೇಳಿ, ನಿಮ್ಮ ಬೀದಿಗೆ ದಿನಾ ಬರುವವರನ್ನು ಕರೆದು "ಇವರು ನಿಮ್ಮವರಾ?" ಎಂದು ವಿಚಾರಿಸಿ. ಅರ್ಧಕ್ಕರ್ಧ ಜನ ಆ ಪ್ರಶ್ನೆಗೇ ಜಾಗ ಖಾಲಿ ಮಾಡುತ್ತಾರೆ.

ಪೌರಕಾರ್ಮಿಕರಲ್ಲಿ 12,692 ಮಂದಿಗೆ 2025ರ ಮೇ 1ರಂದು ಕಾಯಂ ನೇಮಕಾತಿ ಪತ್ರ ಸಿಕ್ಕಿತು, ಹಾಗಾಗಿ ಮೇಲಿನ ಮಾತು ಅವರಿಗೂ ಅನ್ವಯಿಸುತ್ತದೆ. ಆದರೆ ಬೀದಿ ಗುಡಿಸುವವರೂ ಕಸದ ಆಟೊದವರೂ ಒಂದೇ ಅಲ್ಲ. ಆಟೊ ಡ್ರೈವರ್, ಹೆಲ್ಪರ್‌ಗಳು ಹೆಚ್ಚಾಗಿ ಗುತ್ತಿಗೆಯವರು, ದೊಡ್ಡ ಅಪಾರ್ಟ್‌ಮೆಂಟುಗಳಿಂದ ಕಸ ಒಯ್ಯುವವರು ಖಾಸಗಿ ವೆಂಡರ್‌ನ ಆಳುಗಳು. ವೆಂಡರ್‌ನ ಆಳುಗಳನ್ನು ಸಂಘದ ಪಟ್ಟಿಗೇ ಸೇರಿಸಿ. ಬೀದಿ ಗುಡಿಸುವವರಿಗೆ ಬೀದಿಯ ಹತ್ತು ಮನೆಯವರು ಸೇರಿ ಬಟ್ಟೆ, ಸಿಹಿ ಕೊಡುವುದು ಸರಿಯಾದೀತು. ಕೈಗವಸು, ಬೂಟು ಕೊಡಿಸುವುದು ಪಾಲಿಕೆಯ ಕೆಲಸ, ಅದನ್ನು ಉಡುಗೊರೆ ಎಂದು ಕೊಟ್ಟು ಪಾಲಿಕೆಯ ಹೊಣೆ ಇಳಿಸಬೇಡಿ. ಬೆಳಗ್ಗೆ ಆರರಿಂದ ಗುಡಿಸುವ ಹೆಂಗಸರಿಗೆ ಕ್ಲಬ್‌ಹೌಸಿನದೋ ಕಾವಲುಗಾರರದೋ ಶೌಚಾಲಯ ಬಳಸಲು ಬಿಡಿ. ಅದಕ್ಕೆ ಹಬ್ಬ ಕಾಯಬೇಕಿಲ್ಲ.

ಹಬ್ಬದ ಕಸ ಕಡಿಮೆ ಮಾಡುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಆಯುಧಪೂಜೆಯ ಬೂದುಗುಂಬಳವನ್ನು ನಡುರಸ್ತೆಯಲ್ಲಿ ಒಡೆದರೆ ಸ್ಕೂಟರಿನವರು ಜಾರಿ ಬೀಳುತ್ತಾರೆ, ಕುಂಕುಮ ಬೆರೆತ ಆ ಲೋಳೆಯನ್ನು ಬಳಿಯಬೇಕಾದವರು ಪೌರಕಾರ್ಮಿಕರು. ಗೇಟಿನ ಪಕ್ಕದ ಮೂಲೆಯಲ್ಲಿ ಒಡೆಯಿರಿ, ವಾಹನಗಳಿಗೆಲ್ಲ ಒಂದೇ ಕಾಯಿ ಸಾಕು, ಪೂಜೆ ಮುಗಿದ ತಕ್ಷಣ ಹೋಳು ಎತ್ತಿ ಹಸಿ ಕಸಕ್ಕೆ ಹಾಕಿ. ಬಾಳೆಕಂದನ್ನು ಒಂದೊಂದು ಅಡಿಗೆ ತುಂಡರಿಸಿ ಕೊಡಿ, ಇಡೀ ಕಂದು ಆಟೊದಲ್ಲಿ ಹಿಡಿಸುವುದಿಲ್ಲ. ಸುರುಸುರು ಬತ್ತಿಯ ಕಾದ ತಂತಿಯನ್ನು ನೀರಿನ ಬಕೆಟ್ಟಿಗೆ ಹಾಕಿ, ಮರುದಿನ ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಡಿ. ಹಸಿ ಕಸದಲ್ಲಿ ಸೇರಿಹೋದ ತಂತಿ ವಿಂಗಡಿಸುವವರ ಅಂಗೈಗೆ ಚುಚ್ಚುತ್ತದೆ.

ಸಂಘಗಳ ಕಾರ್ಯದರ್ಶಿಗಳು ಮುಂದಿನ ಸಮಿತಿ ಸಭೆಯ ಕಾರ್ಯಸೂಚಿಗೆ ಎರಡು ವಿಷಯ ಸೇರಿಸಿ: ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್ ಏಜೆನ್ಸಿಗಳಿಂದ ಹಿಂದಿನ ಲೆಕ್ಕದ ವರ್ಷದ ಬೋನಸ್ ಜಮಾ ಪಟ್ಟಿ ತರಿಸುವುದು, ಹಬ್ಬದ ವಂತಿಗೆಯ ದಿನಾಂಕ ಗೊತ್ತುಮಾಡುವುದು. ಏಜೆನ್ಸಿಗೆ ಪತ್ರವನ್ನು ಇಮೇಲ್‌ನಲ್ಲೇ ಕಳಿಸಿ, ಉತ್ತರಕ್ಕೆ ಹದಿನೈದು ದಿನ ಕೊಡಿ. ಪಟ್ಟಿ ಬಂದರೆ ಅದರಲ್ಲಿರುವ ಹೆಸರುಗಳನ್ನು ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ. ಬರದಿದ್ದರೆ ಮುಂದಿನ ತಿಂಗಳ ಬಿಲ್ಲಿನಲ್ಲಿ ಬೋನಸ್ ಸಾಲಿನ ಮೊತ್ತವನ್ನು, ಅದಕ್ಕೆ ತಗುಲುವ ಸರ್ವಿಸ್ ಚಾರ್ಜ್ ಸಮೇತ, ಪಟ್ಟಿ ಬರುವವರೆಗೆ ತಡೆಹಿಡಿಯಿರಿ. ಸಂಬಳ, ಪಿಎಫ್, ಇಎಸ್‌ಐ ಭಾಗವನ್ನು ಮಾತ್ರ ಎಂದಿನ ದಿನಕ್ಕೇ ಪಾವತಿಸಿ, ಇಲ್ಲವಾದರೆ ಏಜೆನ್ಸಿ ಕಾವಲುಗಾರರ ಸಂಬಳ ನಿಲ್ಲಿಸಿ ನಿಮ್ಮ ಕಡೆ ಬೆರಳು ತೋರಿಸುತ್ತದೆ.

ಇಂತಿ,
ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟ್ ಸಂಘಗಳ ಲೆಕ್ಕಪತ್ರ ನೋಡಿಕೊಳ್ಳುವ ನಿವಾಸಿಗಳು